ಹೆಗಲ ಮೇಲಿನ ಕಂಬಳಿ

ಸೀಗಿ ಹುಣ್ಣಿಮೆ ಸಮೀಪಿಸಿತೆಂದರೆ ವಿಜಯಪುರ ಸೀಮೆಯಿಂದ ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುವವರು ಗಂಟು ಕಟ್ಟುತ್ತಾರೆ. ಜೈನಾಪುರದ ಕಡೆಯಿಂದ ಹೊರಟವರು ಸೊಲ್ಲಾಪುರ ಮುಟ್ಟಿದ ಮೇಲೂ ಸುಮಾರು 45 ಕಿಲೋಮೀಟರ್ ಉಳಿದಿರುತ್ತದೆ. ಗಂಟಿನಲ್ಲಿ ಏನಿರಬೇಕು? ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಬೆಳಗಿನ ಜಾವ ಮೈ ನಡುಗುತ್ತದೆ. ನಡುವೆ ಮಳೆ ಹೇಳದೆ ಕೇಳದೆ ಬರುತ್ತದೆ. ಮೂರಕ್ಕೂ ಬೇರೆ ಬೇರೆ ಉಡುಪು ಹೊತ್ತರೆ ಹೆಗಲು ಸೋಲುತ್ತದೆ. ಹಳಬರ ಉತ್ತರ ಒಂದೇ, ಕರಿ ಕಂಬಳಿ. ಹಾಸಲು ಅದೇ, ಹೊದೆಯಲು ಅದೇ, ಮಳೆಗೆ ತಲೆಯ ಮೇಲೆ ಮಡಚಿ ಹಾಕಿಕೊಳ್ಳಲೂ ಅದೇ. ಕುರಿಯ ಉಣ್ಣೆಯಲ್ಲಿ ಸಹಜ ಜಿಡ್ಡಿರುತ್ತದೆ, ಸಣ್ಣ ಹನಿ ಜಾರಿಹೋಗುತ್ತದೆ. ಎಳೆಗಳ ನಡುವೆ ಸಿಕ್ಕ ಗಾಳಿ ಮೈಯನ್ನು ಬೆಚ್ಚಗಿಡುತ್ತದೆ.

ಕಂಬಳಿ ಭಾರ, ಚುಚ್ಚುತ್ತದೆ ಎನ್ನುವವರಿದ್ದಾರೆ. ನಿಜ. ಜೋರು ಮಳೆಗೆ ನೆನೆದರೆ ಇನ್ನಷ್ಟು ಭಾರ, ಒಣಗಲೂ ತಡ. ಹಗುರ ರೇನ್‌ಕೋಟು ಸಾಲದೇ? ಅದು ಮಳೆಗಷ್ಟೇ ಸೈ. ನಡೆಯುವಾಗ ಒಳಗೇ ಬೆವರು, ರಾತ್ರಿ ಹಾಸಲು ಬಾರದು. (ಒಮ್ಮೆ ಬಿಚ್ಚಿದ್ದು ಮತ್ತೆ ತನ್ನ ಚೀಲಕ್ಕೆ ಹೊಕ್ಕದ್ದೂ ಅಪರೂಪವೇ!) ನಾಳೆಯ ಹವೆಯನ್ನು ಊಹಿಸಿ ಕಟ್ಟಿದ ಗಂಟು ಊಹೆ ತಪ್ಪಿದೊಡನೆ ಬರೀ ಹೊರೆ. ಕಂಬಳಿ ಊಹಿಸುವ ಕೆಲಸವನ್ನೇ ತಪ್ಪಿಸುತ್ತದೆ. ಜೊತೆಗೊಂದು ಹತ್ತಿ ಅಂಗಿ, ತಲೆಗೊಂದು ಟವೆಲ್ಲು ಸಾಕು. ರೊಟ್ಟಿ, ಶೇಂಗಾ ಹಿಂಡಿಗೂ ಜಾಗ ಬೇಕಲ್ಲ.