ದೊಡ್ಡಪ್ಪನ ಒಂಬತ್ತು ಲಕ್ಷ ಮತ್ತು ಮಾಟುಂಗದ ಪಗಡಿ ಬಾಡಿಗೆ

(ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಹಿಂದಿನ ವಿಡಿಯೋ ನೋಡಿದ ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ. "ಷೇರು ಮಾರುಕಟ್ಟೆ ಭಯ ಆಗುತ್ತೆ, ಎಫ್‌ಡಿಯಲ್ಲಿ ಇಟ್ಟು ಸುಮ್ಮನಿದ್ದರೆ ಏನು ತಪ್ಪು?" ಅಂತ. ಒಳ್ಳೇ ಪ್ರಶ್ನೆ. ಇದಕ್ಕೆ ಪುಸ್ತಕದ ಉತ್ತರ ಕೊಡೋ ಬದಲು ನಮ್ಮ ಮನೆಯ ಲೆಕ್ಕವನ್ನೇ ಹೇಳ್ತೀನಿ. ದೊಡ್ಡಪ್ಪನ ಹತ್ತಿರ ಒಪ್ಪಿಗೆ ತಗೊಂಡಿದ್ದೇನೆ. "ಹೆಸರು ಹೇಳ್ಬೇಡ, ಲೆಕ್ಕ ಬೇಕಾದ್ರೆ ಹೇಳು" ಅಂದಿದ್ದಾರೆ.

ಮೊದಲೇ ಹೇಳಿಬಿಡ್ತೀನಿ, ನಾನು ಸಾಫ್ಟ್‌ವೇರ್ ಎಂಜಿನಿಯರ್, ಸೆಬಿ ನೋಂದಾಯಿತ ಸಲಹೆಗಾರ ಅಲ್ಲ. ಇದನ್ನು ಕೇಳಿಕೊಂಡು ನಾಳೆಯೇ ಯಾವುದನ್ನೂ ಮಾರಬೇಡಿ, ಕೊಳ್ಳಬೇಡಿ.

ದೊಡ್ಡಪ್ಪ ಕುಂದಾಪುರದ ಕಡೆಯಿಂದ 1960ರಲ್ಲಿ, ಹದಿನಾರನೇ ವಯಸ್ಸಿಗೆ ಮುಂಬೈಗೆ ಬಂದವರು. ಹಗಲು ಹೋಟೆಲಲ್ಲಿ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ಆಮೇಲೆ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ವಿಭಾಗ. ಎಪ್ಪತ್ತರ ದಶಕದಲ್ಲಿ ಮಾಟುಂಗ ಪೂರ್ವದಲ್ಲಿ ಪಗಡಿ ಕೊಟ್ಟು ಎರಡು ಕೋಣೆಯ ಮನೆ ಹಿಡಿದರು. ಈಗಲೂ ಅಲ್ಲೇ ಇದ್ದಾರೆ. ನಾನು ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ, ಲೀವ್ ಅಂಡ್ ಲೈಸೆನ್ಸ್ ಮೇಲೆ ಒಂದು ಬೆಡ್‌ರೂಮಿನ ಮನೆಯಲ್ಲಿದ್ದೇನೆ. ನನ್ನ ಬಾಡಿಗೆ ತಿಂಗಳಿಗೆ 58 ಸಾವಿರ. ದೊಡ್ಡಪ್ಪನದ್ದು 412 ರೂಪಾಯಿ. ತಪ್ಪು ಕೇಳಿಸಿಕೊಂಡಿಲ್ಲ ನೀವು, ನಾನೂರ ಹನ್ನೆರಡೇ.

ಬೆಂಗಳೂರಿನವರಿಗೆ, ಪುಣೆಯವರಿಗೆ ಇದು ವಿಚಿತ್ರ ಅನಿಸಬಹುದು. 1947ರ ಬಾಂಬೆ ರೆಂಟ್ ಆ್ಯಕ್ಟ್ ಹಳೇ ಬಾಡಿಗೆಗಳನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧದ ಕಾಲ, ಊರಿಗೆ ಜನ ನುಗ್ಗುತ್ತಿದ್ದ ಕಾಲ, ಬಾಡಿಗೆದಾರರಿಗೆ ರಕ್ಷಣೆ ಬೇಕಿತ್ತು. ಆದರೆ ಆ ಕಟ್ಟು ಐವತ್ತು ವರ್ಷ ಸಡಿಲ ಆಗಲೇ ಇಲ್ಲ. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದ ಹೆಸರು 'ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ'. ಮುಂಬೈ ಬಾಡಿಗೆಯ ಜಗಳದಲ್ಲೂ ನಮ್ಮ ಕರಾವಳಿಯ ಹೆಸರು, ನೋಡಿ. 1997ರ ಡಿಸೆಂಬರ್‌ನಲ್ಲಿ ಕೋರ್ಟು ಹೇಳಿದ್ದರ ತಾತ್ಪರ್ಯ ಇಷ್ಟು: ಜಾರಿಗೆ ಬಂದಾಗ ನ್ಯಾಯವಾಗಿದ್ದ ಕಾನೂನು, ಹಣದ ಬೆಲೆ ಇಳಿಯುತ್ತಾ ಹೋದ ಹಾಗೆ ಅನ್ಯಾಯ ಆಗಬಹುದು. ಆಗ ಆ ಕಾಯ್ದೆಯ ಅವಧಿಯೇ ಮುಗಿಯುತ್ತಾ ಬಂದಿದ್ದರಿಂದ ಕೋರ್ಟು ಅದನ್ನು ರದ್ದು ಮಾಡಲಿಲ್ಲ. 2000ದ ಮಾರ್ಚ್ 31ರಿಂದ ಹೊಸ ಕಾಯ್ದೆ ಬಂತು. ಅದರಲ್ಲಿ ವರ್ಷಕ್ಕೆ ಶೇಕಡಾ 4ರಷ್ಟು ಬಾಡಿಗೆ ಏರಿಸಬಹುದು.

ಶೇಕಡಾ 4 ಅಂದರೆ ಪರವಾಗಿಲ್ಲವಲ್ಲ ಅನಿಸುತ್ತೆ. ಲೆಕ್ಕ ಹಾಕಿ. 2000ದಲ್ಲಿ 100 ರೂಪಾಯಿ ಬಾಡಿಗೆ ಇದ್ದರೆ 25 ವರ್ಷಕ್ಕೆ 267 ಆಗುತ್ತೆ. ಬೆಲೆಗಳು ಶೇಕಡಾ 6ರಂತೆ ಏರಿದ್ದರೆ 100 ರೂಪಾಯಿಯ ಸಾಮಾನಿಗೆ 429 ಬೇಕು. ಏರಿಕೆ ಇದ್ದೂ ಮಾಲೀಕ ಸೋತ. ಇನ್ನು 1940ರ ಮಟ್ಟದಲ್ಲೇ ಐವತ್ತು ವರ್ಷ ನಿಂತಿದ್ದವನ ಗತಿ ಏನಾಗಿರಬೇಡ? ಮಾಟುಂಗದ ಹಳೇ ಕಟ್ಟಡಗಳ ಗೋಡೆಗೆ ಸುಣ್ಣ ಯಾಕಿಲ್ಲ ಅಂತ ಕೇಳ್ತಾರಲ್ಲ, ಕಾರಣ ಇದೇ. ರಿಪೇರಿಗೆ ಬಾಡಿಗೆಯಿಂದ ದುಡ್ಡು ಹುಟ್ಟೋದೇ ಇಲ್ಲ.

ಹಣದುಬ್ಬರ ಅಂದಾಗ ನಾವು ಟೊಮೆಟೊ, ಪೆಟ್ರೋಲ್ ಅಂತ ಯೋಚಿಸ್ತೀವಿ. ನನಗೆ ಅದು ಸರಿಯಾಗಿ ಅರ್ಥ ಆಗಿದ್ದು ಈ ಬಾಡಿಗೆ ರಸೀದಿ ನೋಡಿದಾಗ. ಮುಂದಿನ ಇಪ್ಪತ್ತು ಮೂವತ್ತು ವರ್ಷ ಇಷ್ಟೇ ರೂಪಾಯಿ ಅಂತ ಬರೆದಿಟ್ಟ ಯಾವ ಒಪ್ಪಂದವೇ ಆಗಲಿ, ಅದರಲ್ಲಿ ಕೊಡುವವನು ಗೆಲ್ಲುತ್ತಾನೆ, ತಗೊಳ್ಳುವವನು ಸೋಲುತ್ತಾನೆ. ಬಾಡಿಗೆಯಲ್ಲಿ ದೊಡ್ಡಪ್ಪ ಕೊಡುವವರು. ಈಗ ಅವರ ಇನ್ನೊಂದು ಪಾಸ್‌ಬುಕ್ ನೋಡೋಣ. ಅದರಲ್ಲಿ ಅವರು ತಗೊಳ್ಳುವವರು.

2004ರಲ್ಲಿ ಅರವತ್ತಕ್ಕೆ ನಿವೃತ್ತಿ ಆಯ್ತು. ಪಿಎಫ್, ಗ್ರಾಚ್ಯುಟಿ, ಉಳಿತಾಯ ಎಲ್ಲಾ ಸೇರಿ 9 ಲಕ್ಷ. ಅದೇ ವರ್ಷ ಆಗಸ್ಟಿನಲ್ಲಿ ಸರ್ಕಾರ ಹಿರಿಯ ನಾಗರಿಕರ ಉಳಿತಾಯ ಯೋಜನೆ ಶುರು ಮಾಡಿತ್ತು, ಶೇಕಡಾ 9 ಬಡ್ಡಿ. ಎಲ್ಲವನ್ನೂ ಅಂಚೆ ಕಚೇರಿಯಲ್ಲಿ ಅದಕ್ಕೇ ಹಾಕಿದರು. ವರ್ಷಕ್ಕೆ 81 ಸಾವಿರ, ಅಂದರೆ ತಿಂಗಳಿಗೆ 6,750. ಬಾಡಿಗೆ ಇಲ್ಲದಷ್ಟೇ ಕಡಿಮೆ. ಆಗಿನ ಕಾಲಕ್ಕೆ ಇಬ್ಬರಿಗೆ ಆರಾಮ. ಅವಧಿ ಮುಗಿದಾಗೆಲ್ಲ ಮತ್ತೆ ಅದರಲ್ಲೇ ಇಟ್ಟರು. ಈಗಿನ ಬಡ್ಡಿ 8.2, 2023ರ ಏಪ್ರಿಲ್‌ನಿಂದ ಅಷ್ಟೇ ಇದೆ. 9 ಲಕ್ಷಕ್ಕೆ ತಿಂಗಳಿಗೆ 6,150.

ಗಮನಿಸಿ, ಒಂದು ರೂಪಾಯಿಯೂ ಮುಳುಗಿಲ್ಲ. ಸರ್ಕಾರ ಒಂದು ದಿನವೂ ತಪ್ಪಿಸಿಲ್ಲ. ಆದರೆ ಇಪ್ಪತ್ತು ವರ್ಷದ ಹಿಂದಕ್ಕಿಂತ 600 ರೂಪಾಯಿ ಕಡಿಮೆ ಕೈಗೆ ಬರುತ್ತೆ. ಅಷ್ಟರಲ್ಲಿ ಬೆಲೆಗಳು ಮೂರು ಪಟ್ಟಿಗೂ ಮಿಕ್ಕಿ ಏರಿವೆ. ಅವರ 6,150 ಅಂದರೆ 2004ರ ಎರಡು ಸಾವಿರಕ್ಕೂ ಕಡಿಮೆ. ಬಿಪಿ, ಶುಗರ್, ಕಣ್ಣಿನ ಡ್ರಾಪ್ಸ್ ಸೇರಿದರೆ ಔಷಧಿಗೇ ಅದರಲ್ಲಿ ಬಹುಪಾಲು ಹೋಗುತ್ತೆ. ಮಗಳು ಪ್ರತಿ ತಿಂಗಳು ಕಳಿಸ್ತಾಳೆ. ಮಗಳ ಹತ್ತಿರ ತಗೊಳ್ಳೋದು ದೊಡ್ಡಪ್ಪನಿಗೆ ಒಂದು ಕೊರಗು. ಬಾಯಿಬಿಟ್ಟು ಹೇಳಲ್ಲ, ಆದರೆ ದುಡ್ಡು ಬಂದ ದಿನ ಫೋನಲ್ಲಿ ಸ್ವಲ್ಪ ಜೋರಾಗಿ ನಗ್ತಾರೆ.

"ನಾನು ಎಂತ ತಪ್ಪು ಮಾಡಿದ್ದು ಮಾರಾಯ? ಕುಡೀಲಿಲ್ಲ, ಸಟ್ಟಾ ಆಡ್ಲಿಲ್ಲ, ಚಿಟ್ ಫಂಡಿಗೂ ಹೋಗ್ಲಿಲ್ಲ" ಅಂತ ಒಂದು ದಿನ ಕೇಳಿದರು. ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ.

ಉತ್ತರ ಹುಡುಕೋಣ. 2004ರ ಆಗಸ್ಟಿನಲ್ಲಿ ಸೆನ್ಸೆಕ್ಸ್ ಐದು ಸಾವಿರದ ಆಸುಪಾಸು ಇತ್ತು. 2025ರ ಕೊನೆಗೆ 80 ಸಾವಿರದ ಮೇಲಿತ್ತು. 9ರಲ್ಲಿ 2 ಲಕ್ಷ ಇಂಡೆಕ್ಸ್ ಫಂಡಿನಲ್ಲಿ ಇಟ್ಟಿದ್ದರೆ ಅದೊಂದೇ ಇವತ್ತು ಸುಮಾರು 30 ಲಕ್ಷ. ಇಷ್ಟು ಹೇಳಿ ನಿಲ್ಲಿಸಿದರೆ ನಾನು ಮ್ಯೂಚುವಲ್ ಫಂಡ್ ಏಜೆಂಟ್ ಆಗಿಬಿಡ್ತೀನಿ. ಪೂರ್ತಿ ಕೇಳಿ.

2008ರ ಜನವರಿಯಲ್ಲಿ 21 ಸಾವಿರದ ಹತ್ತಿರ ಇದ್ದ ಸೆನ್ಸೆಕ್ಸ್ 2009ರ ಮಾರ್ಚ್ 9ಕ್ಕೆ 8,160ಕ್ಕೆ ಬಿತ್ತು. ಶೇಕಡಾ 60 ಹೋಯ್ತು. ಆಗ ದೊಡ್ಡಪ್ಪನ ವಯಸ್ಸು 64. ಪೂರ್ತಿ 9 ಲಕ್ಷ ಮಾರುಕಟ್ಟೆಯಲ್ಲಿದ್ದು, ತಿಂಗಳ ಖರ್ಚಿಗೆ ಅದರಿಂದಲೇ ತೆಗೀತಾ ಇದ್ದಿದ್ದರೆ? 2010ರ ನವೆಂಬರಿನಲ್ಲಿ ಸೂಚ್ಯಂಕ ಹಳೇ ಮಟ್ಟಕ್ಕೆ ಬಂತು, ಆದರೆ ಅವರ ದುಡ್ಡು ಬರ್ತಿರಲಿಲ್ಲ. ಕೆಳಗಿದ್ದಾಗ ಅಕ್ಕಿ ತರೋಕೆ ಮಾರಿದ ಯೂನಿಟ್ ವಾಪಸ್ ಬೆಳೆಯಲ್ಲ. ಸಂಬಳ ಬರುವವನಿಗೆ ಮಾರುಕಟ್ಟೆ ಬೀಳೋದು ಅಗ್ಗದ ಸೇಲ್. ನಿವೃತ್ತಿಯಾದವನಿಗೆ ಅದೇ ಕುಸಿತ, ಅದೂ ಮೊದಲ ಐದಾರು ವರ್ಷದಲ್ಲಿ ಬಂದರೆ, ವಾಸಿಯಾಗದ ಗಾಯ.

ಜಪಾನಿನ ನಿಕ್ಕೈ 1989ರ ಡಿಸೆಂಬರ್ ಮಟ್ಟಕ್ಕೆ ವಾಪಸ್ ಬಂದಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತನಾಲ್ಕು ವರ್ಷ! 'ದೀರ್ಘಾವಧಿಯಲ್ಲಿ ಮಾರುಕಟ್ಟೆ ಏರೇ ಏರುತ್ತೆ' ಅನ್ನುವವರಿಗೆ ಇದನ್ನು ನೆನಪಿಸಿ.

ಹಾಗಾಗಿ ನಮಗೆ ಎರಡು ಕಾಯಿಲೆ, ಒಂದರ ಮದ್ದು ಇನ್ನೊಂದಕ್ಕೆ ವಿಷ. ಹಣದುಬ್ಬರಕ್ಕೆ ಬೆಳೆಯುವ ಆಸ್ತಿ ಬೇಕು, ಹಿಂಜರಿತಕ್ಕೆ ಅಲುಗಾಡದ ಆಸ್ತಿ ಬೇಕು. ಎರಡನ್ನೂ ಹೊಂದಿಸೋಕೆ ನನಗೆ ತಿಳಿದಿರೋದು ಒಂದೇ ದಾರಿ. ಆ ರೂಪಾಯಿ ಯಾವಾಗ ಖರ್ಚಾಗುತ್ತೆ ಅಂತ ನೋಡೋದು. ಮುಂದಿನ ನಾಲ್ಕೈದು ವರ್ಷದ ಖರ್ಚು ಎಫ್‌ಡಿ, ಹಿರಿಯ ನಾಗರಿಕರ ಯೋಜನೆ ಇಂಥ ಕಡೆ ಇರಲಿ. ಹತ್ತು ವರ್ಷ ಆಚೆಗೆ ಬೇಕಾಗುವ ಹಣಕ್ಕೆ ಏರಿಳಿತದ ಭಯ ಕಡಿಮೆ, ಹಣದುಬ್ಬರದ ಭಯ ಜಾಸ್ತಿ. ಅದು ಷೇರಿನಲ್ಲಿರಲಿ. ದೊಡ್ಡಪ್ಪ 7 ಲಕ್ಷ ಅಂಚೆ ಕಚೇರಿಯಲ್ಲಿ, 2 ಲಕ್ಷ ಇಂಡೆಕ್ಸಿನಲ್ಲಿ ಇಟ್ಟಿದ್ದರೆ ತಿಂಗಳಿಗೆ 6,750 ಬದಲು 5,250 ಬರ್ತಿತ್ತು. 1,500 ಖೋತಾ, ಆ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲ. ಆದರೆ 2009ರಲ್ಲಿ ಆ 2 ಲಕ್ಷವನ್ನು ಮುಟ್ಟುವ ದರ್ದು ಇರ್ತಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಹೇಳೋದು ಸುಲಭ, ಗೊತ್ತು. ನಾನೇ 2020ರ ಮಾರ್ಚಿನಲ್ಲಿ ಎಂಟೆಕ್ ಓದಿದವನು, ಎಕ್ಸೆಲ್ ಶೀಟ್ ಇಟ್ಟುಕೊಂಡವನು, ಹೆದರಿ ಅರ್ಧ ಫಂಡ್ ಮಾರಿ ಎಸ್‌ಐಪಿ ನಿಲ್ಲಿಸಿದೆ. ನವೆಂಬರಿನೊಳಗೆ ಸೂಚ್ಯಂಕ ಜನವರಿಯ ಮಟ್ಟ ದಾಟಿತ್ತು. ನನ್ನ ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚು ಬೇರೆ ಇದ್ದಿದ್ದರೆ ಮಾರ್ತಿರಲಿಲ್ಲ ಅನ್ಸುತ್ತೆ. ಧೈರ್ಯ ಅನ್ನೋದು ಬಹುಮಟ್ಟಿಗೆ ಬ್ಯಾಂಕ್ ಬ್ಯಾಲೆನ್ಸ್.

ಈಗ ನಮ್ಮ ಪೀಳಿಗೆಗೆ ಬರೋಣ. ನೀವು 2014ರ ಸೆಪ್ಟೆಂಬರಿಗೆ ಮುಂಚೆ ಕೆಲಸಕ್ಕೆ ಸೇರಿದವರಾದರೆ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ತಿಂಗಳಿಗೆ 1,250 ರೂಪಾಯಿ ಪೆನ್ಷನ್ ಅನ್ನೋ ಕಾಲಮ್ಮಿಗೆ ಹೋಗ್ತಾ ಇರುತ್ತೆ. 15 ಸಾವಿರದ ಸಂಬಳ ಮಿತಿಯ ಮೇಲೆ 58ಕ್ಕೆ ಹೆಚ್ಚೆಂದರೆ 7,500ರ ಆಸುಪಾಸು ಪೆನ್ಷನ್. ಸರ್ಕಾರಿ ನೌಕರರಿಗೆ ಇರುವ ಹಾಗೆ ಇದಕ್ಕೆ ತುಟ್ಟಿಭತ್ಯೆ ಇಲ್ಲ. ನನಗೀಗ 36. ಶೇಕಡಾ 6ರ ಲೆಕ್ಕದಲ್ಲಿ ಆ 7,500 ಇವತ್ತಿನ ಎರಡು ಸಾವಿರಕ್ಕೆ ಸಮ. ಕನಿಷ್ಠ ಪೆನ್ಷನ್ 2014ರ ಸೆಪ್ಟೆಂಬರಿನಲ್ಲಿ ಸಾವಿರ ರೂಪಾಯಿ ಅಂತ ನಿಗದಿಯಾಗಿದ್ದು ಇದನ್ನು ರೆಕಾರ್ಡ್ ಮಾಡುವ ಹೊತ್ತಿಗೂ ಅಷ್ಟೇ ಇದೆ. ಇದೂ ಪಗಡಿ ಬಾಡಿಗೆಯೇ.

'ಜೀವನಪೂರ್ತಿ ತಿಂಗಳಿಗೆ 25 ಸಾವಿರ ಗ್ಯಾರಂಟಿ' ಅಂತ ಆಫೀಸ್ ಕ್ಯಾಂಟೀನಿಗೆ ಬಂದು ಪಾಲಿಸಿ ಮಾರ್ತಾರಲ್ಲ, ಗ್ಯಾರಂಟಿ ಸುಳ್ಳಲ್ಲ. ಯಾವ ವರ್ಷದ 25 ಸಾವಿರ ಅಂತ ಕೇಳಿ ಅಷ್ಟೇ. 72ನ್ನು ಬೆಲೆಯೇರಿಕೆ ದರದಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಖರ್ಚು ದುಪ್ಪಟ್ಟಾಗುತ್ತೆ ಅಂತ ಸಿಗುತ್ತೆ. ಶೇಕಡಾ 6 ಆದರೆ 12 ವರ್ಷ. ಇವತ್ತು ಮನೆ ಖರ್ಚು 60 ಸಾವಿರ ಇದ್ದರೆ ನನ್ನ ಅರವತ್ತಕ್ಕೆ 2.4 ಲಕ್ಷ, ಎಂಬತ್ತನಾಲ್ಕಕ್ಕೆ 9.6 ಲಕ್ಷ. ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿದೆ, ಗಟ್ಟಿಯಾಗಿದ್ದಾರೆ. ನಾವೂ ಅಷ್ಟು ಬದುಕ್ತೀವಿ ಅಂತಲೇ ಲೆಕ್ಕ ಹಾಕಬೇಕು.

'ಈಗ ಹಣದುಬ್ಬರ ಇಲ್ಲವಲ್ಲ' ಅಂತ ಒಬ್ಬರು ಬರೆದಿದ್ದರು. ನಿಜ, 2025ರ ಅಕ್ಟೋಬರಿನ ಅಧಿಕೃತ ದರ 0.25. ಆದರೆ 2012 ಆಧಾರವರ್ಷದ ಆ ಸೂಚ್ಯಂಕದಲ್ಲಿ ಆಹಾರದ ತೂಕ ಶೇಕಡಾ 46ರ ಹತ್ತಿರ, ತರಕಾರಿ ಇಳಿದರೆ ಸೂಚ್ಯಂಕ ಇಳಿಯುತ್ತೆ. ನಮ್ಮ ಮನೆಗಳಲ್ಲಿ ದುಡ್ಡು ಹೋಗೋದು ಬಾಡಿಗೆಗೆ, ಶಾಲೆ ಫೀಸಿಗೆ, ಆಸ್ಪತ್ರೆಗೆ. ಆ ತಿಂಗಳು ನಿಮ್ಮ ಮಗುವಿನ ಶಾಲೆ ಫೀಸ್ ಇಳಿಸಿತಾ? ಇನ್ನು ಎಫ್‌ಡಿ. ಶೇಕಡಾ 7 ಬಡ್ಡಿಗೆ 30ರ ಸ್ಲ್ಯಾಬಿನವರಿಗೆ ತೆರಿಗೆ ಕಳೆದು ಉಳಿಯೋದು 4.8.

ಗೃಹಸಾಲದವರು ಹಣದುಬ್ಬರದಿಂದ ಲಾಭ ಅಂತ ಖುಷಿಪಡಬೇಡಿ. ನಿಮ್ಮದು ಫ್ಲೋಟಿಂಗ್ ದರ. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರೆಪೊ 4ರಿಂದ 6.5ಕ್ಕೆ ಹೋದಾಗ ಸಾಲದ ಅವಧಿ ಎಷ್ಟು ವರ್ಷ ಉದ್ದ ಆಯ್ತು ಅಂತ ನಿಮಗೇ ಗೊತ್ತು.

ಇನ್ನೊಂದು ಮಾತು, ಕೆಲಸದ ಬಗ್ಗೆ. ದೊಡ್ಡಪ್ಪನ ನೈಟ್ ಸ್ಕೂಲಿನ ಇಬ್ಬರು ಗೆಳೆಯರು ಪರೇಲಿನ ಮಿಲ್ಲಿನಲ್ಲಿದ್ದರು. 1982ರ ಜನವರಿ 18ಕ್ಕೆ ಮುಷ್ಕರ ಶುರುವಾಯ್ತು, ಸುಮಾರು ಎರಡೂವರೆ ಲಕ್ಷ ಜನ ಹೊರಗೆ ನಿಂತರು, ಬಹಳಷ್ಟು ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಹಿಂಜರಿತ ಅಂದರೆ ಪೋರ್ಟ್‌ಫೋಲಿಯೊ ಕೆಂಪಾಗೋದು ಮಾತ್ರ ಅಲ್ಲ. ನಮ್ಮಲ್ಲಿ ಎಷ್ಟೋ ಜನರಿಗೆ ಸಂಬಳ ಕೊಡೋದು, ಆರ್‌ಎಸ್‌ಯು ಕೊಡೋದು, ಆರೋಗ್ಯ ವಿಮೆ ಕೊಡೋದು ಎಲ್ಲಾ ಒಂದೇ ಕಂಪನಿ. ಅದು ಕೆಮ್ಮಿದರೆ ಮೂರೂ ಒಟ್ಟಿಗೆ ಹೋಗುತ್ತೆ. ಆರ್‌ಎಸ್‌ಯು ಕೈಗೆ ಬಂದ ಹಾಗೆ ಒಂದಷ್ಟು ಮಾರಿ ಬೇರೆ ಕಡೆ ಹಾಕಿ, ಸ್ವಂತಕ್ಕೊಂದು ಆರೋಗ್ಯ ವಿಮೆ ಇಟ್ಟುಕೊಳ್ಳಿ. ಹಾಗೇ ಎಫ್‌ಡಿ ಎಲ್ಲಾ ಒಂದೇ ಬ್ಯಾಂಕಲ್ಲಿ ಬೇಡ. 2019ರ ಸೆಪ್ಟೆಂಬರಿನಲ್ಲಿ ಪಿಎಂಸಿ ಬ್ಯಾಂಕಿನ ಗ್ರಾಹಕರಿಗೆ ಮೊದಲು ಸಾವಿರ ರೂಪಾಯಿ ಮಾತ್ರ ತೆಗೆಯಬಹುದು ಅಂದಿದ್ದು ಮುಂಬೈಯವರು ಮರೆತಿಲ್ಲ. ಠೇವಣಿ ವಿಮೆ 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿಗೆ ಒಬ್ಬರಿಗೆ 5 ಲಕ್ಷ, ಬಡ್ಡಿಯೂ ಸೇರಿ.

ಕೊನೆಗೆ, ಈ ವಿಡಿಯೋ ಈಗಲೇ ಯಾಕೆ ಅಂದರೆ, ದೊಡ್ಡಪ್ಪನ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗ್ತಿದೆ. ಹೊಸ ಮನೆ ಸಿಗುತ್ತೆ, ಲಿಫ್ಟ್ ಸಿಗುತ್ತೆ, ಒಳ್ಳೇದೇ. ಆದರೆ 412 ರೂಪಾಯಿ ಬಾಡಿಗೆ ಹೋಗಿ ತಿಂಗಳಿಗೆ ಏಳೆಂಟು ಸಾವಿರ ಮೇಂಟೆನೆನ್ಸ್ ಬರುತ್ತೆ. ಇಷ್ಟು ವರ್ಷ ನಿಂತ ಆದಾಯವನ್ನು ನಿಂತ ಬಾಡಿಗೆ ಕಾಪಾಡಿತ್ತು. ಇನ್ನು ಅದಿಲ್ಲ. ಮೇಂಟೆನೆನ್ಸಿಗೆ ಅಂತ ಡೆವಲಪರ್ ಒಂದು ಕಾರ್ಪಸ್ ಕೊಡ್ತೀನಿ ಅಂದಿದ್ದಾನೆ. ಮೊತ್ತ ಕೇಳಿ ಕಟ್ಟಡದವರೆಲ್ಲ ಖುಷಿಯಾಗಿದ್ದಾರೆ. ಭಾನುವಾರ ಸಭೆ ಇದೆ. ಮೇಂಟೆನೆನ್ಸ್ ವರ್ಷಕ್ಕೆ ಎಷ್ಟು ಏರುತ್ತೆ ಅಂತ ಹಿಡಿದು ಆ ಮೊತ್ತ ಲೆಕ್ಕ ಹಾಕಿದ್ದು, ಎಷ್ಟು ವರ್ಷಕ್ಕೆ ಸಾಲುತ್ತೆ, ಈ ಎರಡು ಪ್ರಶ್ನೆ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ದೊಡ್ಡಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, ಶರ್ಟಿನ ಜೇಬಿಗೆ ಹಾಕ್ಕೊಂಡರು. "ನೀನೂ ಬಾ, ನಾನು ಕೇಳಿದ್ರೆ ಮುದುಕನಿಗೆ ಆಸೆ ಅಂತಾರೆ" ಅಂದರು. ಹೋಗ್ತಾ ಇದ್ದೀನಿ.