ಗೇರೆಲೆಯ ಬಿಳಿ ಬೊಕ್ಕೆ



ಕೋಟೇಶ್ವರದಲ್ಲಿ ಕೊಡಿಹಬ್ಬದ ತೇರು ಎಳೆಯುವ ಹೊತ್ತಿಗೆ ಸುತ್ತಲಿನ ಹಾಡಿಗಳಲ್ಲಿ ಗೇರುಮರ ಚಿಗುರಿರುತ್ತದೆ. ಆ ಎಳೆ ಎಲೆಗಳ ಮೇಲೆ ಅಲ್ಲಲ್ಲಿ ಸುಣ್ಣ ತಾಗಿದಂತೆ ಬೂದುಬಿಳಿ ಬೊಕ್ಕೆಗಳು. ಉಗುರಿನಿಂದ ಗೀರಿದರೆ ಮೇಲಿನ ಪೊರೆ ಹರಿದು ಒಳಗೆ ಹಿಕ್ಕೆಯ ಪುಡಿ, ನಡುವೆ ಪುಟ್ಟ ಹುಳು. ರೈತರು ಇಂಥದ್ದಕ್ಕೆಲ್ಲ ರಂಗೋಲಿ ಹುಳು ಎಂದುಬಿಡುತ್ತಾರೆ. ಇದು ಒಂದು ಪತಂಗದ ಮರಿ. ಅದರ ಚರಿತ್ರೆಯೇ ಇವತ್ತಿನ ಮಾತು.

ಎಲೆಯ ಎರಡು ಪೊರೆಗಳ ನಡುವೆ ಬದುಕುವ ಈ ವಿದ್ಯೆ ಬಹಳ ಹಳೆಯದು. ಅಮೆರಿಕದಲ್ಲಿ ಸಿಕ್ಕಿದ, ಹತ್ತಿರ ಹತ್ತಿರ ಹತ್ತು ಕೋಟಿ ವರ್ಷ ಹಿಂದಿನ ಎಲೆಯ ಪಳೆಯುಳಿಕೆಗಳಲ್ಲೇ ಈ ಪತಂಗದ ವಂಶದವರು ಕೊರೆದ ಸುರಂಗಗಳಿವೆ. ಮನುಷ್ಯರು ಗಮನವಿಟ್ಟು ನೋಡಿದ್ದು ಮಾತ್ರ ತೀರ ಈಚೆಗೆ. ಫ್ರಾನ್ಸಿನ ರೆಯೊಮೂರ್ 1734ರಿಂದ 1742ರವರೆಗೆ ಕೀಟಗಳ ಬಗ್ಗೆ ಆರು ಸಂಪುಟ ಬರೆದಾಗ ಎಲೆ ಕೊರೆಯುವ ಹುಳುಗಳಿಗೂ ಜಾಗ ಕೊಟ್ಟ. 1798ರಲ್ಲಿ ಕೀಟತಜ್ಞ ಫ್ಯಾಬ್ರಿಶಿಯಸ್ ಯುರೋಪಿನ ಓಕ್ ಮರದ ಒಂದು ಪತಂಗಕ್ಕೆ ಹೆಸರಿಟ್ಟ. ಮುಂದೆ 1881ರಲ್ಲಿ ಅದನ್ನು ಆಧಾರವಾಗಿಟ್ಟುಕೊಂಡು ಇನ್ನೊಬ್ಬ ಕೀಟತಜ್ಞ ವಾಲೆನ್‌ಗ್ರೆನ್ ಆಕ್ರೊಸರ್ಕಾಪ್ಸ್ ಎಂಬ ಕುಲವನ್ನು ಕಟ್ಟಿದ. ನಮ್ಮ ಗೇರೆಲೆಯ ಹುಳು ಅದೇ ಕುಲದ್ದು. ಓಕ್ ತೋಪಿಗೂ ಕೋಟೇಶ್ವರದ ಹಾಡಿಗೂ ಹೀಗೊಂದು ನೆಂಟಸ್ತಿಕೆ.

ಇದಕ್ಕೆ ಆಕ್ರೊಸರ್ಕಾಪ್ಸ್ ಸಿಂಗ್ರಾಮ ಎಂದು 1914ರಲ್ಲಿ ಹೆಸರಿಟ್ಟವರು ಎಡ್ವರ್ಡ್ ಮೆಯ್ರಿಕ್. ಮನುಷ್ಯ ವಿಚಿತ್ರ. ಇಂಗ್ಲೆಂಡಿನ ಮಾರ್ಲ್‌ಬರೋ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಪಾಠ ಹೇಳುತ್ತಿದ್ದ ಮೇಷ್ಟ್ರು. ಬಿಡುವಿನಲ್ಲಿ ಪತಂಗ. ಸೂಕ್ಷ್ಮದರ್ಶಕ ಬೇಡ, ಕೈಯಲ್ಲಿ ಹಿಡಿಯುವ ಮಸೂರ ಸಾಕು ಎಂಬ ಹಟ. ಅದರಲ್ಲೇ ಜೀವಮಾನದಲ್ಲಿ 14,000ಕ್ಕೂ ಹೆಚ್ಚು ಜಾತಿಗಳನ್ನು ವರ್ಣಿಸಿದರು. ಹೊರದೇಶದ ಕಿರುಪತಂಗಗಳಿಗಾಗಿ 1912ರಿಂದ ಸ್ವಂತ ಖರ್ಚಿನಲ್ಲೇ ಒಂದು ಪತ್ರಿಕೆ ತಂದರು. ಮಸೂರದ ಹಟದಿಂದಾಗಿ ಆಮೇಲಿನವರು ಅವರ ಎಷ್ಟೋ ತೀರ್ಮಾನಗಳನ್ನು ತಿದ್ದಬೇಕಾಯಿತು, ಆ ಮಾತು ಬೇರೆ. ಭಾರತದಿಂದ ಅವರಿಗೆ ಮಾದರಿ ಕಳಿಸುತ್ತಿದ್ದವರಲ್ಲಿ ಕೀಟತಜ್ಞ ಫ್ಲೆಚರ್ ಒಬ್ಬರು. ಈ ಫ್ಲೆಚರ್ ದಕ್ಷಿಣ ಭಾರತದ ಕೀಟಗಳ ಬಗ್ಗೆ ಬರೆದ ದಪ್ಪ ಪುಸ್ತಕವನ್ನು ಮದರಾಸು ಸರ್ಕಾರ ಅಚ್ಚು ಹಾಕಿಸಿದ್ದೂ 1914ರಲ್ಲೇ. ಆಗ ಕೋಟೇಶ್ವರವೂ ಮದರಾಸಿಗೇ ಸೇರಿತ್ತಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಬೇರೊಂದು ಸಂಗತಿ. ಗೇರು ನಮ್ಮ ಮರವಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಪತಂಗವಾದರೋ ಭಾರತ, ಶ್ರೀಲಂಕಾ, ಇಂಡೋನೇಷ್ಯಾ ಕಡೆಯದು; ಮಾವಿನ ಎಲೆಯಲ್ಲೂ ಸಿಗುತ್ತದೆ. ಗೇರೂ ಮಾವೂ ಒಂದೇ ಕುಟುಂಬದ ಮರಗಳು. ಮಾವನ್ನು ತಿಂದುಕೊಂಡಿದ್ದ ಹುಳು, ಹಡಗಿನಲ್ಲಿ ಬಂದಿಳಿದ ದಾಯಾದಿಯನ್ನೂ ರುಚಿ ನೋಡಿರಬೇಕು. ಇದು ನನ್ನ ಊಹೆ. ಆದರೆ ಮರದ ಜೊತೆಗೇ ಹುಳುವೂ ಸಮುದ್ರ ದಾಟಿ ಬಂತೆನ್ನುವುದಕ್ಕಿಂತ ಇದೇ ನಂಬುವಂತಿದೆ.

ತಾಯಿ ಪತಂಗ ಚಿಗುರೆಲೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿ ಮೊದಲು ಬಿಳಿಚು, ಬಲಿತಾಗ ಕೆಂಪು. ಆಮೇಲೆ ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಕೋಶವಾಗುತ್ತದೆ. ಇಷ್ಟೆಲ್ಲ ಮೂರು ವಾರದ ಆಸುಪಾಸಿನಲ್ಲಿ ಮುಗಿಯುತ್ತದೆ. ಬೊಕ್ಕೆ ಒಣಗಿ ಉದುರಿದ ಜಾಗದಲ್ಲಿ ತೂತು ಉಳಿಯುತ್ತದೆ. ಬಲಿತ ಎಲೆಯಲ್ಲಿ ನಾವು ಕಾಣುವುದು ಅದನ್ನೇ.

ಪುತ್ತೂರಿನಲ್ಲಿ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಶುರುವಾಯಿತು. ಆದರೆ ಗೇರಿನ ಕೀಟಗಳೆಂದರೆ ಚರ್ಚೆಯೆಲ್ಲ ಟೀ ಸೊಳ್ಳೆಯದು, ಕಾಂಡ ಕೊರೆಯುವ ಹುಳುವಿನದು. ಅದು ಸರಿಯೇ; ಫಸಲು ನುಂಗುವವು, ಮರವನ್ನೇ ಕೊಲ್ಲುವವು ಅವು. ರಂಗೋಲಿ ಹುಳು ನರ್ಸರಿಯ ಸಸಿಗೆ, ಎಳೆ ಗಿಡಕ್ಕೆ ತೊಂದರೆ ಕೊಡುತ್ತದೆ. ಬೆಳೆದ ಮರಕ್ಕೆ ಇದರ ಸಲುವಾಗಿ ಪಂಪು ಹೆಗಲಿಗೇರಿಸಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಪೊರೆಯ ಒಳಗಿರುವ ಹುಳುವಿಗೆ ಔಷಧಿ ಸುಲಭದಲ್ಲಿ ತಾಗುವುದಿಲ್ಲ. ತಾಗುವುದು, ಆ ಹುಳುವನ್ನು ಹುಡುಕಿ ಅದರ ಮೈಯಲ್ಲೇ ಮೊಟ್ಟೆಯಿಡಲು ಬರುವ ಸಣ್ಣ ಕಣಜಗಳಿಗೆ.