ನಳದುರ್ಗದ ಸೇತುವೆ, ನೇಕಾರರ ಬಾಗಿಲು

(ಮಂದ್ರೂಪದ ಕಾರ್ಮಿಕ ಸಹವಾಸ ಕೂಟದಲ್ಲಿ ಮಾಡಿದ ಭಾಷಣ)



ಸೆಪ್ಟೆಂಬರ್ 17 ಬಂದಿತೆಂದರೆ ನಮ್ಮ ಮೂಡಣ ದಿಕ್ಕಿನ ಊರುಗಳಲ್ಲೆಲ್ಲ ಧ್ವಜ ಏರುತ್ತದೆ. ಮರಾಠವಾಡೆಯವರು ಮುಕ್ತಿಸಂಗ್ರಾಮದ ದಿನ ಎನ್ನುತ್ತಾರೆ. ಕಲಬುರ್ಗಿ, ಬೀದರಿನವರು ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತಾರೆ. ನಾವು ಮಂದ್ರೂಪದವರು ಆಗ ಮುಂಬಯಿ ಪ್ರಾಂತದವರು. ನಮಗೆ 1947ರ ಆಗಸ್ಟ್ 15ಕ್ಕೇ ಸ್ವಾತಂತ್ರ್ಯ ಬಂತು. ಅಕ್ಕಲಕೋಟೆಯವರಿಗೆ ಅವರದೇ ಸಂಸ್ಥಾನವಿತ್ತು. ಅದು 1948ರಲ್ಲಿ ಮುಂಬಯಿಗೆ ವಿಲೀನವಾಯಿತು. ಅಲ್ಲಿಂದ ಆಚೆಗೆ ನಿಜಾಮರ ರಾಜ್ಯ. ಗಡಿಯ ಅತ್ತಲೂ ಇತ್ತಲೂ ಅದೇ ಎರೆಮಣ್ಣು, ಅದೇ ಬಿಳಿಜೋಳ, ಅದೇ ಮಾತು, ಕೊಟ್ಟು ತಂದ ಬೀಗರು. ಆದುದರಿಂದ ಆ ಯುದ್ಧ ನಮ್ಮ ಮನೆಗಳ ಯುದ್ಧವೂ ಹೌದು.

ಈ ಮಾತು ಈಗ ಏಕೆ ಎಂದು ನೀವು ಕೇಳಬಹುದು. ಮೊಬೈಲಿನಲ್ಲಿ ಸುತ್ತುವ ಚಿತ್ರಗಳನ್ನು ನೋಡಿಕೊಂಡು, ಚಹಾದ ಹೊತ್ತಿನಲ್ಲಿ ನಮ್ಮ ಹುಡುಗರು "ಆಗ ನಿಮ್ಮವರು ನಮ್ಮವರನ್ನು ಕೊಂದರು" ಎಂದು ಪಕ್ಕದ ಮಗ್ಗದವನ ಮೇಲೆ ಲೆಕ್ಕ ತೆಗೆಯುತ್ತಿದ್ದಾರೆ. ಲೆಕ್ಕ ತೆಗೆಯುವುದೇ ಆದರೆ ಪೂರ್ತಿ ತೆಗೆಯೋಣ.

ಸರಕಾರ ಅದನ್ನು ಪೊಲೀಸ್ ಕಾರ್ಯಾಚರಣೆ ಎಂದು ಕರೆಯಿತು. ಟ್ಯಾಂಕು, ತೋಪು, ವಿಮಾನಗಳಿದ್ದ ಪೊಲೀಸರು ಅವರು! ಹೆಸರು ಏನೇ ಇರಲಿ, ಒಳಗೆ ನಡೆದದ್ದು ಮನೆಮಂದಿಯ ಯುದ್ಧವೇ. 1947ರ ನವೆಂಬರಿನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿಖಾನರಿಗೂ ದಿಲ್ಲಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ವರ್ಷ ತುಂಬಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಕೆಳಗೆ ರಜಾಕಾರರ ದಂಡು ಬೆಳೆಯಿತು. ರಜಾಕಾರ ಎಂದರೆ ಸ್ವಯಂಸೇವಕ. ಯೂನಿಯನ್ನಿಗೆ ವರ್ಗಣಿ ಎತ್ತಿ ಪಾವತಿ ಹರಿಯುವ ನಾವೂ ಸ್ವಯಂಸೇವಕರೇ. ಒಳ್ಳೆಯ ಮಾತೊಂದು ಎಲ್ಲಿಗೆ ಹೋಗಿ ಮುಟ್ಟಿತು ನೋಡಿರಿ. ಹಳ್ಳಿಗಳು ಸುಲಿಗೆಯಾದವು, ಸುಟ್ಟವು. ಬಸವಕಲ್ಯಾಣದ ಹತ್ತಿರದ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕೊಲೆಗಳನ್ನು ಬೀದರಿನವರು ಇಂದಿಗೂ ಮರೆತಿಲ್ಲ. ಸಾವಿರಾರು ಜನ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಓಡಿಬಂದರು. ರಜಾಕಾರರು ಕೊಂದದ್ದು ಹಿಂದೂಗಳನ್ನಷ್ಟೇ ಎಂದು ತಿಳಿಯಬೇಡಿರಿ. ಅವರ ವಿರುದ್ಧ ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಆ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಂದರು.

ಎದುರು ಪಕ್ಷದಲ್ಲಿ ಸ್ಟೇಟ್ ಕಾಂಗ್ರೆಸ್ ಇತ್ತು. ಅದರ ನಾಯಕರಾದ ಸ್ವಾಮಿ ರಮಾನಂದ ತೀರ್ಥರು ನಮ್ಮ ಭೀಮೆಯ ಆಚೆಯ ಸಿಂದಗಿಯಲ್ಲಿ ಹುಟ್ಟಿದವರು. ಸನ್ಯಾಸಿಯಾಗುವ ಮೊದಲು ಅವರು ಕಾರ್ಮಿಕ ಧುರೀಣ ಎನ್. ಎಂ. ಜೋಶಿಯವರ ಕೈಕೆಳಗೆ ಮಿಲ್ ಕಾರ್ಮಿಕರ ನಡುವೆ ಕೆಲಸ ಮಾಡಿದ್ದರೆಂಬುದನ್ನು ನಮ್ಮ ಯೂನಿಯನ್ ಬಂಧುಗಳು ನೆನಪಿಡಬೇಕು. ತೆಲಂಗಾಣದಲ್ಲಿ ಇನ್ನೊಂದೇ ಹೋರಾಟ: ಕಮ್ಯುನಿಸ್ಟರ ಮುಂದಾಳುತನದಲ್ಲಿ ರೈತರು ದೇಶಮುಖರ ಮೇಲೆ ಎದ್ದು ನಿಂತಿದ್ದರು. ಹೀಗೆ ಒಂದೇ ರಾಜ್ಯದಲ್ಲಿ ಮೂರು ನಾಲ್ಕು ದಂಡು.

ಇನ್ನು ಸೇನಾಪತಿಗಳ ವಿಷಯ. ದಕ್ಷಿಣ ಕಮಾಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ರಾಜೇಂದ್ರಸಿಂಹಜಿ. ಸೊಲ್ಲಾಪುರದಿಂದ ಹೊರಟ ಮುಖ್ಯ ಪಡೆಗೆ ಮೇಜರ್ ಜನರಲ್ ಜೆ. ಎನ್. ಚೌಧರಿ. ಇಬ್ಬರೂ ಮುಂದೆ ಭಾರತದ ಭೂಸೇನೆಗೇ ಮುಖ್ಯಸ್ಥರಾದರು. ನಿಜಾಮರ ಕಡೆ ಮೇಜರ್ ಜನರಲ್ ಎಲ್ ಎದ್ರೂಸ್. ಇವರ ನೆನಪುಗಳ ಪುಸ್ತಕಕ್ಕೆ 'ಏಳು ರೊಟ್ಟಿಗಳ ಹೈದರಾಬಾದ್' ಎಂಬರ್ಥದ ಹೆಸರಿದೆ. ಮೊದಲನೆಯ ನಿಜಾಮ ಒಬ್ಬ ಸೂಫಿ ಸಂತರ ಮನೆಯಲ್ಲಿ ಏಳು ಕುಲ್ಚಾ ತಿಂದನೆಂದೂ, ಅದರಂತೆ ಏಳು ತಲೆ ಆಳ್ವಿಕೆ ನಡೆಯಿತೆಂದೂ ಕಥೆ. ಉಸ್ಮಾನ್ ಅಲಿಖಾನರು ಏಳನೆಯವರು. ಉಪದೇಶಿಗೆ ಇದನ್ನು ಓದಿದಾಗ ಮತ್ತಾಯನ ಸುವಾರ್ತೆಯ ಏಳು ರೊಟ್ಟಿಗಳು ನೆನಪಾಗದೆ ಇರುವುದಿಲ್ಲ. ಅಲ್ಲಿ ಏಳು ರೊಟ್ಟಿ ನಾಲ್ಕು ಸಾವಿರ ಜನರ ಹೊಟ್ಟೆ ತುಂಬಿಸಿದವು. ಇಲ್ಲಿ ಒಂದು ಮನೆತನದ್ದು.

1948ರ ಸೆಪ್ಟೆಂಬರ್ 13, ಸೋಮವಾರ, ಬೆಳಗಿನ ನಾಲ್ಕು ಗಂಟೆಗೆ ಪಡೆ ಗಡಿ ದಾಟಿತು. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಇದೇ ರಸ್ತೆ. ನಳದುರ್ಗವನ್ನು ನೀವೆಲ್ಲ ನೋಡಿದ್ದೀರಿ. ಮಳೆಗಾಲದಲ್ಲಿ ನರ-ಮಾದಿಯ ನೀರು ಧುಮುಕುವುದನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಕೋಟೆಯ ಹತ್ತಿರ ಬೋರಿ ನದಿಗೆ ಸೇತುವೆಯಿದೆ. ಆ ಸೇತುವೆ ಹಾರಿಹೋಗಿದ್ದರೆ, ಸೆಪ್ಟೆಂಬರ್ ಮಳೆಯಲ್ಲಿ, ನಮ್ಮ ಎರೆಮಣ್ಣಿನ ರಾಡಿಯಲ್ಲಿ ಟ್ಯಾಂಕುಗಳು ಎಷ್ಟು ದಿನ ನಿಲ್ಲಬೇಕಾಗುತ್ತಿತ್ತೋ ರೈತರಾದ ನಿಮಗೇ ಗೊತ್ತು. ಏಳನೆಯ ಬ್ರಿಗೇಡ್ ವೇಗದಿಂದ ಹೋಗಿ ಸೇತುವೆಯನ್ನು ಇದ್ದಂತೆಯೇ ಹಿಡಿಯಿತು. ಅದನ್ನು ಕಾಯುತ್ತಿದ್ದುದು ನಿಜಾಮರ ಒಂದನೆಯ ಹೈದರಾಬಾದ್ ಇನ್‌ಫಂಟ್ರಿ.

ಅಂದು ಅಲ್ಲಿ ಎರಡನೆಯ ಸಿಖ್ ಪಲ್ಟನಿನ ಹವಾಲ್ದಾರ ಬಚಿತ್ತರ್ ಸಿಂಗ್ ಎಂಬವರಿದ್ದರು. ಪಂಜಾಬಿನ ಲೋಪೋಂ ಗ್ರಾಮದವರು. ಕತ್ತಲಲ್ಲಿ ಎದುರಾದ ವಾಹನಗಳನ್ನು ಹಿಡಿದರು. ಬೆಳಗಾದ ಮೇಲೆ ಹಗುರ ಮಶೀನ್‌ಗನ್ನಿನ ಗುಂಡು ತೊಡೆಗೆ ಬಡಿಯಿತು. ತೆವಳಿಕೊಂಡೇ ಹೋಗಿ ಎರಡು ಕೈಬಾಂಬು ಎಸೆದು ಆ ಮಶೀನ್‌ಗನ್ನನ್ನು ಬಾಯಿ ಮುಚ್ಚಿಸಿದರು. ಆಸ್ಪತ್ರೆಗೆ ಒಯ್ಯಲು ಒಪ್ಪದೆ ಅಲ್ಲೇ ತೀರಿಕೊಂಡರು. 1952ರಲ್ಲಿ ಅಶೋಕಚಕ್ರ ಪದಕ ಸ್ಥಾಪನೆಯಾದಾಗ ಅದರ ಮೊದಲ ಗೌರವ ಸಂದವರಲ್ಲಿ ಇವರೊಬ್ಬರು. ಅದೇ ವಾರ ತುಂಗಭದ್ರೆಯ ರೈಲು ಸೇತುವೆಯ ಬಳಿ ಗೂರ್ಖಾ ಪಲ್ಟನಿನ ನಾಯಕ್ ನರ್‌ಬಹಾದ್ದೂರ್ ಥಾಪಾ ಕುಕ್ರಿ ಹಿಡಿದು ಬಂದೂಕಿನ ಬಾಯಿಗೇ ನುಗ್ಗಿದರು. ನಳದುರ್ಗಕ್ಕೆ ನಾವು ನೀರು ನೋಡಲು ಹೋಗುವವರಲ್ಲಿ ಬಚಿತ್ತರ್ ಸಿಂಗರ ಹೆಸರು ಬಲ್ಲವರು ಎಷ್ಟು ಮಂದಿ?

ಇನ್ನೂ ಒಂದು ಮಾತು. ಆ ಮಶೀನ್‌ಗನ್ನಿನ ಹಿಂದೆ ಕುಳಿತಿದ್ದವನೂ ಸಂಬಳದವನೇ. ಪಂಜಾಬಿನವನಿಗೂ, ನೇಪಾಳದವನಿಗೂ, ನಿಜಾಮರ ಸಿಪಾಯಿಗೂ ತಿಂಗಳಿಗೆ ಎಣಿಸಿ ಕೊಟ್ಟದ್ದು ಕೂಲಿಯೇ. ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಸಿಪಾಯಿಗಳು ಸ್ನಾನಿಕ ಯೊವಾನ್ನನ ಬಳಿಗೆ ಬಂದು ನಾವೇನು ಮಾಡಬೇಕೆಂದು ಕೇಳುತ್ತಾರೆ. ಕೆಲಸ ಬಿಡಿ ಎಂದು ಆತ ಹೇಳುವುದಿಲ್ಲ. ಯಾರನ್ನೂ ಹೆದರಿಸಿ ಸುಲಿಯಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ಇರಿ ಎಂಬ ಅರ್ಥದ ಉತ್ತರ ಕೊಡುತ್ತಾನೆ. ಅದು ಎಷ್ಟು ಕಠಿಣವಾದ ಮಾತೆಂಬುದು ಮುಂದೆ ತಿಳಿಯುತ್ತದೆ.

ಉಮರ್ಗಾ, ರಾಜೇಶ್ವರ, ಹುಮನಾಬಾದ, ಜಹೀರಾಬಾದ ಎಂದು ಪಡೆ ಸಾಗಿತು. 17ರ ಸಂಜೆ ನಿಜಾಮರು ಯುದ್ಧ ನಿಲ್ಲಿಸಿದರು. 18ರಂದು ಎಲ್ ಎದ್ರೂಸ್ ಚೌಧರಿಯವರಿಗೆ ಶರಣಾದರು. ಸೇನಾಪತಿಗಳ ಯುದ್ಧ ಐದು ದಿನಕ್ಕೆ ಮುಗಿಯಿತು. ಪುಸ್ತಕಗಳೂ ಅಲ್ಲಿಗೇ ಮುಗಿಯುತ್ತವೆ.

ಊರುಗಳಲ್ಲಿ ಮುಗಿಯಲಿಲ್ಲ. ರಜಾಕಾರರು ಓಡಿಹೋದರು, ಇಲ್ಲವೆ ಸಿಕ್ಕಿಬಿದ್ದರು. ಅವರ ಪಾಪದ ಲೆಕ್ಕವನ್ನು ಓಡಿಹೋಗದೆ ಮನೆಯಲ್ಲಿದ್ದ ಬಡ ಮುಸಲ್ಮಾನರಿಂದ ವಸೂಲು ಮಾಡಲಾಯಿತು. ಪ್ರಧಾನಿ ನೆಹರೂ ಇದನ್ನು ಕೇಳಿ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರನ್ನು ಕಳಿಸಿದರು. ಅವರು ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ 16 ಜಿಲ್ಲೆಗಳಲ್ಲಿ 9ನ್ನು ತಿರುಗಿದರು. ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅವರ ಅಂದಾಜು. ಎಲ್ಲಕ್ಕಿಂತ ಕೆಟ್ಟದ್ದು ನಡೆದ ನಾಲ್ಕು ಜಿಲ್ಲೆಗಳ ಹೆಸರು ಕೇಳಿರಿ: ಉಸ್ಮಾನಾಬಾದ, ಗುಲ್ಬರ್ಗಾ, ಬೀದರ, ನಾಂದೇಡ. ಉಸ್ಮಾನಾಬಾದ ಎಂದರೆ ಈಗಿನ ಧಾರಾಶಿವ, ನಮ್ಮ ಜಿಲ್ಲೆಗೆ ಅಂಟಿಕೊಂಡಿರುವುದು. ಕೆಲವೆಡೆ ಸಿಪಾಯಿಗಳೇ ಲೂಟಿಗೆ ಕೈ ಹಾಕಿದರೆಂದೂ ಆ ವರದಿ ಹೇಳುತ್ತದೆ. ಬೇರೆಡೆ ಸೇನೆಯ ಅಧಿಕಾರಿಗಳು ಗಟ್ಟಿಯಾಗಿ ನಿಂತು ಜನರನ್ನು ಕಾಪಾಡಿದರೆಂದೂ ಹೇಳುತ್ತದೆ. ಸರ್ದಾರ್ ಪಟೇಲರು ವರದಿಯನ್ನು ಒಪ್ಪಲಿಲ್ಲ. ಸರಕಾರ ಅದನ್ನು ಅಚ್ಚು ಹಾಕಿಸಲಿಲ್ಲ. ದಶಕಗಳ ನಂತರವೇ ಅದು ಜನರ ಕೈಗೆ ಬಂದದ್ದು.

ಆ ವರದಿಯಲ್ಲಿ ಕೆಲವೇ ಸಾಲುಗಳ ಒಂದು ಸಂಗತಿಯಿದೆ. ಅದನ್ನು ಹೇಳಲೆಂದೇ ನಾವು ಇಷ್ಟೆಲ್ಲ ಹೇಳಿದ್ದು. ಮುಸಲ್ಮಾನ ನೆರೆಯವರನ್ನು ಕಾಪಾಡಿದ ಹಿಂದೂಗಳೂ ಇದ್ದರು. ಒಂದೇ ಕಸುಬಿನವರ ನಡುವೆ ಇದು ಎದ್ದು ಕಾಣುತ್ತಿತ್ತು. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸಲ್ಮಾನ ನೇಕಾರರ ಪರವಾಗಿ ಹಿಂದೂಗಳ ಗುಂಪಿಗೇ ಅಡ್ಡನಿಂತರು, ತಮ್ಮ ಜೀವವನ್ನೂ ಕೊಟ್ಟರು. ಅವರ ಹೆಸರು ಅಲ್ಲಿಲ್ಲ.

ನೇಕಾರರೇ ಏಕೆ? ಕೈಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸು ಹಾಕಿ ಗಂಜಿ ಹಚ್ಚುವುದು ಒಬ್ಬನಿಂದ ಆಗುವ ಕೆಲಸವಲ್ಲ. ಓಣಿಯುದ್ದಕ್ಕೂ ನೂಲು ಬಿಗಿದರೆ ಅತ್ತ ತುದಿ ಒಬ್ಬರ ಬಾಗಿಲಿಗೆ, ಇತ್ತ ತುದಿ ಇನ್ನೊಬ್ಬರ ಬಾಗಿಲಿಗೆ. ಮೋಡ ಕವಿದರೆ ಇಬ್ಬರ ಮನೆಯ ಹೆಂಗಸರೂ ಮಕ್ಕಳೂ ಓಡಿಬಂದು ಎತ್ತಬೇಕು. ನೂಲಿನ ಸಾಹುಕಾರನೂ ಇಬ್ಬರಿಗೆ ಒಬ್ಬನೇ, ಸಾಲದ ವಹಿಯೂ ಒಂದೇ. ಅಂಥವನ ಮನೆಗೆ ಬೆಂಕಿ ಬಿದ್ದರೆ ನನ್ನ ಹಾಸೇ ಸುಟ್ಟಂತೆ. ಮುಸಲ್ಮಾನರ ಮೇಲೆ ಪ್ರೀತಿಯಿರಬೇಕೆಂದು ಅವರಿಗೆ ಯಾರೂ ಪ್ರಸಂಗ ಮಾಡಿರಲಿಲ್ಲ. ನಾವು ಪ್ರಸಂಗ ಮಾಡುವವರು ಇದನ್ನು ಸ್ವಲ್ಪ ತಗ್ಗಿ ಕೇಳಿಕೊಳ್ಳಬೇಕು.

ನೇಕಾರರ ಇಂಥ ನಡತೆ ಬೇರೆ ದೇಶದ ಅಂತರ್ಯುದ್ಧದಲ್ಲೂ ಕಂಡಿದೆ. ಅಮೇರಿಕದಲ್ಲಿ 1861ರಿಂದ 1865ರವರೆಗೆ ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ದಕ್ಷಿಣಗಳು ಕಾದಿದಾಗ ಅಲ್ಲಿಯ ಹತ್ತಿ ನಿಂತುಹೋಯಿತು. ನಮ್ಮ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಮಿಲ್ಲುಗಳು ಮುಚ್ಚಿ ಲಕ್ಷಗಟ್ಟಲೆ ಜನ ಉಪವಾಸ ಬಿದ್ದರು. ಆದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕೆಲಸಗಾರರು ಸಭೆ ಸೇರಿ, ಗುಲಾಮರ ಬಿಡುಗಡೆಗೆ ತಮ್ಮ ಬೆಂಬಲವಿದೆಯೆಂದು ಅಧ್ಯಕ್ಷ ಲಿಂಕನರಿಗೆ ಬರೆದರು. ಲಿಂಕನ್ ಮರುತಿಂಗಳೇ ಉತ್ತರ ಕೊಟ್ಟರು. ಲ್ಯಾಂಕಶೈರಿನವರೆಲ್ಲ ಅದೇ ಮನಸ್ಸಿನವರಾಗಿರಲಿಲ್ಲ, ನಿಜ. ಧಾರಾಶಿವದ ನೇಕಾರರೆಲ್ಲರೂ ಬಾಗಿಲಿಗೆ ಅಡ್ಡನಿಂತವರೇ ಎಂದು ನಾವೂ ಹೇಳುವುದಿಲ್ಲ.

ಇದು ಹಳೆಯ ಕಥೆಯೆಂದು ಏಳಬೇಡಿರಿ. 2002ರ ಅಕ್ಟೋಬರದಲ್ಲಿ ಸೊಲ್ಲಾಪುರ ಉರಿದದ್ದನ್ನು ನಮ್ಮಲ್ಲಿ ಬಹಳ ಮಂದಿ ಕಣ್ಣಾರೆ ಕಂಡಿದ್ದೇವೆ. ಅದಕ್ಕೆ ಕಿಡಿಯಾದದ್ದು ಅಮೇರಿಕದ ಒಬ್ಬ ಕ್ರೈಸ್ತ ಬೋಧಕ ಟಿವಿಯಲ್ಲಿ ಪ್ರವಾದಿಯವರ ಬಗ್ಗೆ ಆಡಿದ ಮಾತು. ಅವರು ಆಮೇಲೆ ಕ್ಷಮೆ ಕೇಳಿದರು. ಇಲ್ಲಿ ಬಂದ್, ಕಲ್ಲು, ಬೆಂಕಿ, ಕರ್ಫ್ಯೂ. ಹಲವರ ಪ್ರಾಣ ಹೋಯಿತು. ಮಾತಾಡಿದವರು ಕ್ರೈಸ್ತರು, ಸತ್ತವರು ಇಲ್ಲಿಯ ಹಿಂದೂ ಮುಸಲ್ಮಾನರು, ಕೂಲಿ ಹೋದದ್ದು ಎಲ್ಲರದು. ಕರ್ಫ್ಯೂ ಬಿದ್ದರೆ ಟವೆಲ್ಲಿನ ಮಗ್ಗವೂ ನಿಲ್ಲುತ್ತದೆ, ಬೀಡಿಯ ಎಲೆಯೂ ಒಣಗುತ್ತದೆ. ಈ ಗಡಿನಾಡಿನಲ್ಲಿ ನಾವು ಕ್ರೈಸ್ತರು ಹಿಡಿಯಷ್ಟು ಜನ. ಇದು ನಮಗೆ ಸಂಬಂಧಿಸದ ಜಗಳ ಎಂದು ಬಾಗಿಲು ಹಾಕಿಕೊಂಡು ಕೂಡುವ ಹಕ್ಕು ನಮಗಿಲ್ಲ.

ಹಾಗಾದರೆ ಮಾಡುವುದೇನು? ದೊಡ್ಡ ದೊಡ್ಡ ಠರಾವು ಬೇಡ. ಸೊಲ್ಲಾಪುರದ ನಾಲ್ವರು ಹುತಾತ್ಮರಾದ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಮತ್ತು ಮಿಲ್ ಕಾರ್ಮಿಕರ ಮುಖಂಡ ಕುರ್ಬಾನ್ ಹುಸೇನರನ್ನು ಇಂಗ್ಲಿಷರು 1931ರ ಜನವರಿ 12ರಂದು ಒಟ್ಟಿಗೆ ಗಲ್ಲಿಗೇರಿಸಿದರು. ಅವರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ನಮ್ಮ ಮಕ್ಕಳಿಗೂ ಬರುತ್ತದೆ, ಏಕೆಂದರೆ ಯಾರೋ ಬರೆದಿಟ್ಟರು, ಚೌಕದಲ್ಲಿ ನಿಲ್ಲಿಸಿದರು. 1948ರಲ್ಲಿ ಬಾಗಿಲಿಗೆ ಅಡ್ಡನಿಂತವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅದನ್ನು ಕಂಡವರು ಈಗ ಎಂಬತ್ತೈದು ದಾಟಿದವರು; ಉಳಿದವರೂ ಕೆಲವರೇ.

ಆದುದರಿಂದ ಬರುವ ತಿಂಗಳ ಕೂಟಕ್ಕೆ ಬರುವಾಗ ನಿಮ್ಮ ಮನೆಯ, ನಿಮ್ಮ ಬೀಗರ ಮನೆಯ ಹಿರಿಯರನ್ನು ಕರೆತನ್ನಿರಿ. ನಡೆಯಲಾಗದಿದ್ದರೆ ತಿಳಿಸಿರಿ, ನಾವೇ ಮನೆಗೆ ಬರುತ್ತೇವೆ. ನಳದುರ್ಗ, ತುಳಜಾಪುರ, ಉಮರ್ಗಾ, ಆಳಂದದ ಕಡೆಯಿಂದ ಬಂದವರಿದ್ದರೆ ಮೊದಲು ಅವರು. ಯಾರು ಯಾರನ್ನು ಕೊಂದರೆಂದು ನಾವು ಕೇಳುವುದಿಲ್ಲ. ಯಾರ ಮನೆಯಲ್ಲಿ ಯಾರು ಅಡಗಿದ್ದರು, ಎಷ್ಟು ದಿನ, ರೊಟ್ಟಿ ಯಾರು ಕೊಟ್ಟರು, ಇಷ್ಟು ಕೇಳುತ್ತೇವೆ. ನೂರು ಪುಟದ ಎರಡು ವಹಿ ಕೊಂಡು ತಂದಿದ್ದೇವೆ. ಒಂದು ಕನ್ನಡಕ್ಕೆ, ಒಂದು ಮರಾಠಿಗೆ. ಉರ್ದು ಬರೆಯಬಲ್ಲವರು ಒಬ್ಬರು ಬೇಕಾಗಿದ್ದಾರೆ.